ದೊಡ್ಡವರ ಸಣ್ಣ ರೂಢಿಗಳು

ಇತಿಹಾಸದ ಪುಸ್ತಕಗಳು ರಾಜರ, ಮಂತ್ರಿಗಳ, ರಾಷ್ಟ್ರನಾಯಕರ ಯುದ್ಧಗಳನ್ನೂ ಕಟ್ಟಳೆಗಳನ್ನೂ ವಿಸ್ತಾರವಾಗಿ ಹೇಳುತ್ತವೆ. ಅವರು ನಸುಕಿನಲ್ಲಿ ಎದ್ದು ಏನು ಮಾಡುತ್ತಿದ್ದರು, ಯಾವ ಪಾತ್ರೆಯಲ್ಲಿ ಉಣ್ಣುತ್ತಿದ್ದರು, ಯಾವುದರ ಮೇಲೆ ಮಲಗುತ್ತಿದ್ದರು ಎಂಬುದನ್ನು ಹೇಳುವುದು ಅಪರೂಪ. ಆದರೆ ಮನುಷ್ಯನ ಗುಣವು ತುಂಬಿದ ಸಭೆಯಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ, ನೋಡುವವರಿಲ್ಲದಾಗ ಅವನು ನಡೆದುಕೊಳ್ಳುವ ರೀತಿಯಲ್ಲಿ ಕಾಣುತ್ತದೆ.

ಅಮೆರಿಕದ ಅಧ್ಯಕ್ಷರ ಚರಿತ್ರೆಯಲ್ಲಿ ಇಂತಹ ಸಂಗತಿಗಳು ಹಲವು ದೊರೆಯುತ್ತವೆ. ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನಿಗೆ ಹವೆಯ ಉಷ್ಣತೆಯನ್ನು ಅಳೆದು ಬರೆದಿಡುವ ಅಭ್ಯಾಸವಿತ್ತು. ತಾನು ಬರೆದ ಸ್ವಾತಂತ್ರ್ಯ ಘೋಷಣೆಯು ಅಂಗೀಕೃತವಾದ 1776ರ ಜುಲೈ 4ರಂದು ಕೂಡ ಅವನು ಅದನ್ನು ಮರೆಯಲಿಲ್ಲ. ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಬೆಳಗಾಗುವ ಮೊದಲೇ ಎದ್ದು ಪೊಟೊಮ್ಯಾಕ್ ನದಿಯಲ್ಲಿ ಈಜುತ್ತಿದ್ದನು. ಹನ್ನೆರಡರ ಹರೆಯದಲ್ಲಿ ತೊಡಗಿದ ದಿನಚರಿಯನ್ನು ಮುಪ್ಪಿನವರೆಗೂ ಬರೆದನು. ಅಬ್ರಹಾಂ ಲಿಂಕನ್ನನ ಎತ್ತರದ ಟೊಪ್ಪಿಗೆಯೊಳಗೆ ಕಾಗದಪತ್ರಗಳು ಇರುತ್ತಿದ್ದವು. ಆದರೆ ಕೇಳಿದ್ದೆಲ್ಲ ನಿಜವಲ್ಲ. ಜಾರ್ಜ್ ವಾಷಿಂಗ್ಟನ್ನನಿಗೆ ಮರದ ಹಲ್ಲುಗಳಿದ್ದವೆಂಬ ಮಾತು ಬಹಳ ಪ್ರಚಲಿತ. ಪರೀಕ್ಷಿಸಿದಾಗ ಅವನ ಕೃತಕ ದಂತಪಂಕ್ತಿಗಳಲ್ಲಿ ದಂತ, ಲೋಹ, ಮನುಷ್ಯರ ಹಲ್ಲುಗಳು ಕಂಡುವೇ ಹೊರತು ಮರ ಕಾಣಲಿಲ್ಲ.

ಇವೆಲ್ಲ ಕೇಳಿ, ನಕ್ಕು, ಮರೆತುಬಿಡುವ ಸಂಗತಿಗಳೇ? ಹಾಗೆನಿಸಿದರೆ ನಾವು ನಮ್ಮ ಬೀದರಿನ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಅಲ್ಲಿ ಒಬ್ಬ ಮಂತ್ರಿಯ ಮಾನವನ್ನು ಉಳಿಸಿದ್ದು ಇಂತಹ ಸಣ್ಣ ರೂಢಿಗಳೇ.

ಪರ್ಷಿಯಾದ ಗಿಲಾನ್ ಪ್ರಾಂತದಿಂದ ವ್ಯಾಪಾರಕ್ಕಾಗಿ ಬಂದ ಮಹಮೂದ್ ಗವಾನನು 1453ರ ಸುಮಾರಿಗೆ ಬೀದರನ್ನು ಸೇರಿದನು. ತನ್ನ ಯೋಗ್ಯತೆಯಿಂದಲೇ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದನು. 1472ರಲ್ಲಿ ಅವನು ಕಟ್ಟಿಸಿದ ಮದರಸದ ಉಳಿದ ಮಿನಾರು ಮತ್ತು ಬಣ್ಣದ ಬಿಲ್ಲೆಗಳನ್ನು ಇಂದಿಗೂ ಬೀದರಿನಲ್ಲಿ ಕಾಣಬಹುದು. ಆ ವಿದ್ಯಾಲಯದ ಭಂಡಾರದಲ್ಲಿ ಮೂರು ಸಾವಿರ ಗ್ರಂಥಗಳಿದ್ದುವೆಂದು ಪ್ರತೀತಿ.

ರಾಜ್ಯದ ಅಧಿಕಾರವೆಲ್ಲ ಕೈಯಲ್ಲಿದ್ದರೂ ಗವಾನನು ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಣ್ಣುತ್ತಿದ್ದನು. ಚಾಪೆಯ ಮೇಲೆ ಮಲಗುತ್ತಿದ್ದನು. ತನ್ನ ಊಟದ ಖರ್ಚನ್ನು ರಾಜ್ಯದ ಬೊಕ್ಕಸದಿಂದ ತೆಗೆದುಕೊಳ್ಳದೆ ಸ್ವಂತ ವ್ಯಾಪಾರದ ಲಾಭದಿಂದ ಭರಿಸುತ್ತಿದ್ದನು. ಶುಕ್ರವಾರದ ರಾತ್ರಿ ಮಾರುವೇಷದಲ್ಲಿ ನಗರದ ಕೇರಿಗಳಲ್ಲಿ ಸುತ್ತಿ ಬಡವರಿಗೆ ಹಣ ಹಂಚುತ್ತಿದ್ದನು. ಇದನ್ನು ಕೊಟ್ಟವನು ಸುಲ್ತಾನನೆಂದು ಅವರಿಗೆ ಹೇಳುತ್ತಿದ್ದನಂತೆ. ಹೀಗೆಂದು ಇತಿಹಾಸಕಾರ ಫೆರಿಷ್ತಾ ದಾಖಲಿಸಿದ್ದಾನೆ.

ಅವನ ಏಳ್ಗೆಯನ್ನು ಸಹಿಸದ ಸರದಾರರು ಒಂದು ಸಂಚು ಹೂಡಿದರು. ಅವನ ಮುದ್ರೆಯನ್ನು ಕಾಯುವವನನ್ನು ವಶಮಾಡಿಕೊಂಡು ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಆಹ್ವಾನಿಸುವ ಪತ್ರವನ್ನು ಅದರಲ್ಲಿ ಬರೆದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ಮೂರನೆಯ ಮಹಮ್ಮದ್ ಷಾ ಪತ್ರವನ್ನು ತೋರಿಸಿದಾಗ, ಮುದ್ರೆ ತನ್ನದೇ, ಆದರೆ ಬರಹ ತನ್ನದಲ್ಲ ಎಂದು ಗವಾನನು ಬಿನ್ನವಿಸಿದನು. ಸುಲ್ತಾನನು ಕಿವಿಗೊಡಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ ಆ ವೃದ್ಧನ ತಲೆಯನ್ನು ಕಡಿಸಿದನು.

ಅನಂತರ ಸುಲ್ತಾನನು ಮಂತ್ರಿಯ ಐಶ್ವರ್ಯವನ್ನು ಹುಡುಕಿಸಿದನು. ದೊರೆತದ್ದು ಅತ್ಯಲ್ಪ. ಲೆಕ್ಕ ಬರೆಯುವವನು ಗವಾನನ ಬಳಿ ಎರಡು ಭಂಡಾರಗಳಿದ್ದವೆಂದು ತಿಳಿಸಿದನು: ಒಂದು ಸೇನೆಯ ವೆಚ್ಚಕ್ಕೆ, ಇನ್ನೊಂದು ಬಡವರಿಗೆ. ತನಗೆಂದು ಅವನು ಏನನ್ನೂ ಕೂಡಿಟ್ಟಿರಲಿಲ್ಲ. ರಾಜದ್ರೋಹಿ ಯಾವ ಲಾಭಕ್ಕಾಗಿ ದ್ರೋಹ ಮಾಡಿದನು? ಈ ಪ್ರಶ್ನೆಗೆ ಸುಲ್ತಾನನಲ್ಲಿ ಉತ್ತರವಿರಲಿಲ್ಲ. ಬಾಯಿಯ ಮಾತಿಗೆ ಸಿಗದ ನ್ಯಾಯವನ್ನು ಮಣ್ಣಿನ ಗಡಿಗೆಯೂ ಹರಿದ ಚಾಪೆಯೂ ತಡವಾಗಿ ದೊರಕಿಸಿದವು. ಜೀವ ಮಾತ್ರ ಮರಳಿ ಬರಲಿಲ್ಲ. ಒಂದು ವರ್ಷ ಕಳೆಯುವುದರೊಳಗೆ ಸುಲ್ತಾನನೂ ತೀರಿಕೊಂಡನು. ಕ್ರಮೇಣ ಬಹಮನಿ ರಾಜ್ಯವು ಐದಾಗಿ ಒಡೆಯಿತು.

ಶತಮಾನಗಳು ಉರುಳಿದವು. ಬೀದರ ಪ್ರದೇಶವು ನಿಜಾಮನ ಆಳ್ವಿಕೆಗೆ ಸೇರಿತು. ಶಾಲೆಯ ಭಾಷೆ ಉರ್ದುವಾಗಿತ್ತು. ಆಗ ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿಯ ಹಿರೇಮಠದ ಪೀಠಕ್ಕೆ ಬಂದವರು ಡಾ. ಚನ್ನಬಸವ ಪಟ್ಟದ್ದೇವರು. ಅವರು ತಮ್ಮ ಶಾಲೆಯ ಹೊರಗೆ ಉರ್ದುವಿನ ಫಲಕ ತೂಗಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬಯಲಿಗೆ ಬಂದರೆ ಕಷ್ಟವಿತ್ತು. ಹೊಗಳುವವರು ಯಾರೂ ಇರಲಿಲ್ಲ. ಹಾಗಿದ್ದೂ ದಿನದಿನವೂ ಆ ಕೆಲಸ ನಡೆಯಿತು. ಬೀದರವು 1956ರಲ್ಲಿ ಕನ್ನಡ ನಾಡನ್ನು ಸೇರಿದಾಗ, ಅಲ್ಲಿ ಕನ್ನಡದ ಅಕ್ಷರ ಬಲ್ಲವರು ಇದ್ದರೆಂದರೆ ಅದರಲ್ಲಿ ಇಂತಹ ಮೌನದ ದುಡಿಮೆಯ ಪಾಲು ದೊಡ್ಡದು.

ಒಂದು ದಿನದ ಸಾಹಸವನ್ನು ಯಾರಾದರೂ ಮಾಡಬಹುದು. ದಿನವೂ ಒಳ್ಳೆಯದನ್ನು ಮಾಡುವುದು ಕಷ್ಟ. ವಿದ್ಯಾರ್ಥಿಗಳು ಬೀದರಿಗೆ ಹೋದಾಗ ಗವಾನನ ಮಿನಾರನ್ನು ತಲೆಯೆತ್ತಿ ನೋಡಲಿ. ಆದರೆ ಅದನ್ನು ಕಟ್ಟಿಸಿದವನು ಮಲಗುತ್ತಿದ್ದುದು ಚಾಪೆಯ ಮೇಲೆ ಎಂಬುದನ್ನೂ ನೆನೆಯಲಿ. ನಮ್ಮ ಪರವಾಗಿ ನಾವೇ ಮಾತಾಡಲಾಗದ ದಿನ ಬಂದರೆ, ನಮ್ಮ ರೂಢಿಗಳೇ ನಮಗಾಗಿ ಮಾತಾಡಬೇಕು.

ಅಭ್ಯಾಸ

1. ವಾಷಿಂಗ್ಟನ್ನನ ಹಲ್ಲುಗಳ ಸಂಗತಿಯಿಂದ ನಾವು ಕಲಿಯಬೇಕಾದುದೇನು?
2. ಗವಾನನು ನಿರಪರಾಧಿಯೆಂಬುದಕ್ಕೆ ಅವನ ಜೀವನಕ್ರಮವು ಹೇಗೆ ಸಾಕ್ಷಿಯಾಯಿತು?
3. ಪಟ್ಟದ್ದೇವರು ಕನ್ನಡವನ್ನು ಕಲಿಸಿದ ಬಗೆಯನ್ನು ವಿವರಿಸಿರಿ.