ಕಟ್ಟಡದ ಕೆಲಸದಲ್ಲಿ ಪೆಟ್ಟಾದರೆ ಮುಚ್ಚಿಡಬಾರದು

ಕಟ್ಟಡದ ಕೆಲಸದಲ್ಲಿ ಜೀವಕ್ಕೆ ಕುತ್ತು ತರುವ ಅವಘಡಗಳು ಮುಖ್ಯವಾಗಿ ನಾಲ್ಕು: ಎತ್ತರದಿಂದ ಬೀಳುವುದು, ಮೇಲಿನಿಂದ ವಸ್ತು ಬೀಳುವುದು, ಕರೆಂಟ್ ಹೊಡೆಯುವುದು, ಪಾಯದ ಮಣ್ಣು ಕುಸಿಯುವುದು. ಸಣ್ಣ ಮನೆ ಕಟ್ಟುವ ಕೆಲಸಗಳಲ್ಲಿ ಸಾಮಾನ್ಯವಾಗಿ ಸುರಕ್ಷತೆಗೆಂದೇ ಬೇರೆ ಅಧಿಕಾರಿ ಇರುವುದಿಲ್ಲ. ಆ ಹೊಣೆ ಮೇಸ್ತ್ರಿ ಮತ್ತು ಮಾಲೀಕರದ್ದು.

ದಿನವೂ ಸಾರುವೆ ಹತ್ತುವ ಮೊದಲು ಹಗ್ಗದ ಗಂಟು ಬಿಗಿಯಾಗಿದೆಯೇ, ಹಲಗೆ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಹೆಲ್ಮೆಟ್ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯಬೇಕು. ಕಾಂಕ್ರೀಟ್ ವೈಬ್ರೇಟರ್‌ನ ವೈರು ಸುಲಿದಿದ್ದರೆ ಅಥವಾ ಒದ್ದೆ ನೆಲದಲ್ಲಿ ಬಿದ್ದಿದ್ದರೆ ಕೆಲಸ ನಿಲ್ಲಿಸಬೇಕು. ಮಳೆ ಬಂದ ಮರುದಿನ ಪಾಯದ ಗುಂಡಿಯ ಅಂಚನ್ನು ಪರೀಕ್ಷಿಸದೆ ಯಾರೂ ಇಳಿಯಬಾರದು.

ಅವಘಡವಾದರೆ ಮೊದಲು 108ಕ್ಕೆ ಕರೆ ಮಾಡಬೇಕು. ಕರೆಂಟ್ ಹೊಡೆದವರನ್ನು ಮುಟ್ಟುವ ಮುನ್ನ ಮೇನ್ ಸ್ವಿಚ್ ಆರಿಸಬೇಕು. ಬೆನ್ನಿಗೆ ಪೆಟ್ಟಾದವರನ್ನು ಎತ್ತಿ ಕೂರಿಸಬಾರದು. ಬಳಿಕ ದಿನ, ಹೊತ್ತು, ಸ್ಥಳ, ಕಂಡವರ ಹೆಸರು ಬರೆದಿಟ್ಟು, ಫೋಟೊ ತೆಗೆದು, ಆಸ್ಪತ್ರೆಯ ಚೀಟಿಗಳನ್ನು ಜೋಪಾನ ಮಾಡಬೇಕು. ಸಾವು ಸಂಭವಿಸಿದರೆ, ಅಥವಾ ಗಾಯಾಳು 48 ಗಂಟೆ ದುಡಿಯಲಾಗದಿದ್ದರೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವನ್ನು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ತಂದಿತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದವರಿಗೆ ಅಪಘಾತ ಪರಿಹಾರ ಕೇಳುವ ಅವಕಾಶವಿದೆ. ಅದಕ್ಕೆ ಈ ದಾಖಲೆಗಳೇ ಆಧಾರ.

ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನೂ ಅಂದೇ ಮೇಸ್ತ್ರಿಗೆ ಹೇಳಬೇಕು. ಹೇಳಿದವರನ್ನು ಗದರದೆ, ದೋಷ ಸರಿಪಡಿಸಿದ ಮೇಲೆಯೇ ಮೇಸ್ತ್ರಿ ಕೆಲಸ ಮುಂದುವರಿಸಬೇಕು.