ಗಂಡಸರ ಎದೆಯ ಗಂಟು



ಸ್ತನ ಕ್ಯಾನ್ಸರ್ ಅಂದರೆ ಹೆಂಗಸರ ಕಾಯಿಲೆ ಅಂತಲೇ ನಾವೆಲ್ಲ ತಿಳಿದಿದ್ದೇವೆ. ಆದರೆ ಗಂಡಸರಿಗೂ ಮೊಲೆತೊಟ್ಟಿನ ಹಿಂದೆ ಸ್ವಲ್ಪ ಸ್ತನದ ಭಾಗ ಇರುತ್ತದೆ, ಅಲ್ಲೂ ಕ್ಯಾನ್ಸರ್ ಬರಬಹುದು. ಸ್ತನ ಕ್ಯಾನ್ಸರ್ ಆದ 100 ಮಂದಿಯಲ್ಲಿ ಹೆಚ್ಚುಕಡಿಮೆ ಒಬ್ಬರು ಗಂಡಸು.

ಮೈತುಂಬ ಮೆತ್ತನೆ ಗಂಟುಗಳಿರುವವರನ್ನು ಸಂತೆಯಲ್ಲೋ ಬಸ್ಸಿನಲ್ಲೋ ನೀವು ನೋಡಿರಬಹುದು. ಅವರ ಚರ್ಮದ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳೂ ಕಂಕುಳಲ್ಲಿ ಸಣ್ಣ ಚುಕ್ಕೆಗಳೂ ಇರುತ್ತವೆ. ಈ ಕಾಯಿಲೆಯ ಹೆಸರು ನ್ಯೂರೋಫೈಬ್ರೊಮಾಟೋಸಿಸ್. ಸುಮಾರು 3000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಇದು ಕುಷ್ಠ ಅಲ್ಲ, ಮುಟ್ಟಿದರೆ ಅಂಟೋದೂ ಇಲ್ಲ, ಯಾರ ಶಾಪವೂ ಅಲ್ಲ. ಜೀವಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಒಂದು ಜೀನ್ ಕೆಟ್ಟಿರುತ್ತದೆ, ಅಷ್ಟೇ. ವಿಜ್ಞಾನಿಗಳು ಆ ಜೀನನ್ನು ಪತ್ತೆ ಹಚ್ಚಿದ್ದು 1990ರಲ್ಲಿ. ತಂದೆ ಅಥವಾ ತಾಯಿಗೆ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೇ ಬಂದಿರುತ್ತದೆ. ಮಗುವಿನ ಮೈಮೇಲೆ ಮಚ್ಚೆ ಕಂಡಾಗ ಸೊಸೆಯನ್ನು ದೂರುವವರು ಇದನ್ನು ತಿಳಿದಿರಲಿ.

ಈ ಕಾಯಿಲೆಯ ಗಂಡಸರಿಗೆ ಸ್ತನ ಕ್ಯಾನ್ಸರ್ ಆಗೋದು ಬಹಳ ಅಪರೂಪ. ಆದರೆ ಆದಾಗ ಮೋಸ ಹೋಗೋದು ಸುಲಭ. ಮೈಯೆಲ್ಲ ಗಂಟೇ ಇರುವಾಗ ಎದೆಯ ಮೇಲಿನದನ್ನೂ "ಇದೂ ಅಂಥದ್ದೇ ಒಂದು" ಅಂತ ಬಿಟ್ಟುಬಿಡುತ್ತಾರೆ. ನಾಚಿಕೆ ಬೇರೆ; ಗಂಡಸು ಎದೆಗಂಟು ಅಂತ ಡಾಕ್ಟರ ಹತ್ತಿರ ಹೋಗೋದೇ? ಹಾಗಾಗಿ ಬೆನ್ನು ಉಜ್ಜುವಾಗ, ಅಂಗಿ ಒಗೆಯುವಾಗ ಮೊದಲು ಕಾಣೋದು ನಮಗೇ.

ಮೊಲೆತೊಟ್ಟಿನ ಕೆಳಗೆ ಅಥವಾ ಪಕ್ಕದಲ್ಲಿ ಗಟ್ಟಿ ಗಂಟು, ತೊಟ್ಟು ಒಳಕ್ಕೆ ಎಳೆದುಕೊಳ್ಳೋದು, ರಕ್ತ ಅಥವಾ ನೀರು ಒಸರೋದು, ವಾಸಿಯಾಗದ ಹುಣ್ಣು, ಕಂಕುಳಲ್ಲಿ ಗೆಡ್ಡೆ: ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. ನೋವಿಲ್ಲ ಅಂತ ಸುಮ್ಮನಿರಬೇಡಿ, ಕ್ಯಾನ್ಸರ್ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯೋದಿಲ್ಲ. ಗಂಡಸರಿಗೂ ಮ್ಯಾಮೊಗ್ರಾಮ್, ಸ್ಕ್ಯಾನ್ ಮಾಡುತ್ತಾರೆ. ಗಂಟಿನ ಚೂರು ತೆಗೆದು ಬಯಾಪ್ಸಿ ಮಾಡಿದರೆ ನಿಜ ತಿಳಿಯುತ್ತದೆ. ಬೇಗ ಗೊತ್ತಾದರೆ ಆಪರೇಷನ್ ಮಾಡಿ, ಬೇಕಾದರೆ ಮಾತ್ರೆ, ಕರೆಂಟು, ಕೀಮೋ ಕೊಟ್ಟು ಗುಣಪಡಿಸಬಹುದು.

ಈ ಕಾಯಿಲೆ ಇರುವ ಹೆಂಗಸರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. 50 ವರ್ಷದೊಳಗೆ ಅವರಿಗೆ ಸ್ತನ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ನಾಲ್ಕೈದು ಪಟ್ಟು. 30 ವರ್ಷದಿಂದಲೇ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮಾಡಿಸಬೇಕೆಂದು ತಜ್ಞರು ಹೇಳುತ್ತಾರೆ.

ಮೊದಲು ಸರ್ಕಾರಿ ಆಸ್ಪತ್ರೆಯ ಸರ್ಜನ್ ಹತ್ತಿರ ಹೋಗಿ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮತ್ತು ಹಳೆಯ ಚೀಟಿಗಳನ್ನು ಮರೆಯದೆ ತೆಗೆದುಕೊಂಡು ಹೋಗಿ.