ಪೋರ್ಟಲ್ ಪುಟದ ರಚನಾಕ್ರಮ

ಮಾಲೂರಿನ ಹೆಂಚನ್ನು ಕಾಣದವರು ನಮ್ಮ ಜಿಲ್ಲೆಯಲ್ಲಿ ವಿರಳ. ಒಂದೇ ಅಚ್ಚಿನಲ್ಲಿ ತಯಾರಾದ ಹೆಂಚು ಮುಳಬಾಗಿಲಿನ ಮನೆಗೂ ಹೊಂದುತ್ತದೆ, ಶ್ರೀನಿವಾಸಪುರದ ಮನೆಗೂ ಹೊಂದುತ್ತದೆ. ಹೆಂಚು ಮಾಡುವವನು ಮನೆಯನ್ನು ನೋಡಬೇಕಾಗಿಲ್ಲ. ಸೂರಿಗೆ ರೀಪು ಹೊಡೆಯುವ ಬಡಗಿಯು ಹೆಂಚಿನ ಅಳತೆಯನ್ನು ಬಲ್ಲನಾದರೆ ಸಾಕು. ಅಂತರ್ಜಾಲದ ಪೋರ್ಟಲ್ಲುಗಳೂ ಇದೇ ನ್ಯಾಯದಿಂದ ರಚಿತವಾಗಿವೆಯೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಪೋರ್ಟಲ್ ಎಂದರೆ ಹೆಬ್ಬಾಗಿಲು. ಪ್ರವೇಶ, ಪರೀಕ್ಷಾಶುಲ್ಕ, ಅಂಕಪಟ್ಟಿ, ವಿದ್ಯಾರ್ಥಿವೇತನ ಮೊದಲಾದ ವಿಷಯಗಳು ಬೇರೆ ಬೇರೆ ಕಡೆಗಳಿಂದ ಬಂದು ಕೂಡುವ ಸ್ಥಳ. ಇಲ್ಲಿ ಎರಡು ಅಂಗಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ವಿನ್ಯಾಸ: ಪುಟದಲ್ಲಿ ಎಷ್ಟು ಅಂಕಣಗಳು, ಯಾವುದು ಅಗಲ, ಯಾವುದು ಕಿರಿದು ಎಂಬುದು. ಎರಡನೆಯದು ಘಟಕ: ಆ ಅಂಕಣಗಳಲ್ಲಿ ಕೂರುವ ಸೂಚನಾಫಲಕ, ಹುಡುಕುಪೆಟ್ಟಿಗೆ, ಚಿತ್ರಮಾಲೆ ಇತ್ಯಾದಿ. ವಿನ್ಯಾಸವು ಸೂರು, ಘಟಕವು ಹೆಂಚು.

ಜಾವಾ ಭಾಷೆಯ ಪೋರ್ಟಲ್ಲುಗಳಲ್ಲಿ ಘಟಕಕ್ಕೆ ಪೋರ್ಟ್‌ಲೆಟ್ ಎಂದು ಹೆಸರು. ಅದರ ಅಳತೆಯನ್ನು ಜೆ.ಎಸ್.ಆರ್. 168 ಎಂಬ ನಿಯಮಾವಳಿಯು 2003ರಲ್ಲಿ ಗೊತ್ತುಪಡಿಸಿತು. 2008ರ ಜೆ.ಎಸ್.ಆರ್. 286, ಒಂದು ಘಟಕವು ಮತ್ತೊಂದಕ್ಕೆ ಸುದ್ದಿ ಮುಟ್ಟಿಸುವ ಮಾರ್ಗವನ್ನು ಸೇರಿಸಿತು. ಪೋರ್ಟ್‌ಲೆಟ್ ಇಡೀ ಪುಟವನ್ನು ಬರೆಯುವುದಿಲ್ಲ, ತನ್ನ ತುಂಡನ್ನು ಮಾತ್ರ ಕೊಡುತ್ತದೆ. ಅದನ್ನು ಪುಟದಲ್ಲಿ ಜೋಡಿಸುವುದು ಪೋರ್ಟಲ್ಲಿನ ಹೊಣೆ. ನೋಟ, ತಿದ್ದುಪಡಿ, ಸಹಾಯ ಎಂದು ಅದಕ್ಕೆ ಮೂರು ಬಗೆಗಳುಂಟು. ತಿದ್ದುಪಡಿಯಲ್ಲಿ ಆಯ್ಕೆಗಳನ್ನು ಬದಲಿಸಬಹುದು; ಆದರೆ ಬದಲಿಸಕೂಡದೆಂದು ಗುರುತಿಸಿಟ್ಟುದನ್ನು ಬಳಕೆದಾರನು ಮುಟ್ಟಲಾರ. ಒಂದೇ ಸೂಚನಾಘಟಕವನ್ನು ಎರಡು ಸಲ ಇರಿಸಿ, ಒಂದರಲ್ಲಿ ಪರೀಕ್ಷೆಯ ಸುದ್ದಿಯೂ ಇನ್ನೊಂದರಲ್ಲಿ ವಿದ್ಯಾರ್ಥಿವೇತನದ ಸುದ್ದಿಯೂ ಬರುವಂತೆ ಮಾಡಬಹುದು.

ಪೋರ್ಟ್‌ಲೆಟ್ ಇಲ್ಲದೆಡೆಯೂ ಈ ತತ್ತ್ವ ನಡೆಯುತ್ತದೆ. ಎನ್.ಐ.ಸಿ. ಸಂಸ್ಥೆಯು ನಿರ್ಮಿಸಿದ ಎಸ್3ವಾಸ್ ಎಂಬ ಚೌಕಟ್ಟಿನಿಂದ ಅನೇಕ ಜಿಲ್ಲೆಗಳ ಜಾಲತಾಣಗಳು ಎದ್ದಿವೆ, ಕೋಲಾರದ್ದೂ ಅವುಗಳಲ್ಲೊಂದು. ಅಚ್ಚು ಒಂದೇ ಆದರೂ ಒಳಗಿನ ವಿಷಯ ಆಯಾ ಜಿಲ್ಲೆಯದು.

ಪುಟವನ್ನು ಸಜ್ಜುಗೊಳಿಸುವವರು ಈ ಕ್ರಮವನ್ನು ಅನುಸರಿಸುವುದು ಲೇಸು. ಪುಟವನ್ನು ಯಾರು ನೋಡಬೇಕೆಂಬುದನ್ನು ಮೊದಲು ನಿಶ್ಚಯಿಸಬೇಕು. ಅನಂತರ ವಿನ್ಯಾಸವನ್ನು ಆರಿಸಿ, ಘಟಕಗಳನ್ನು ಇರಿಸಿ, ಅವುಗಳ ಆಯ್ಕೆಗಳನ್ನು ತುಂಬಬೇಕು. ಕಟ್ಟಕಡೆಗೆ ವಿದ್ಯಾರ್ಥಿಯ ಹೆಸರಿನಲ್ಲಿ, ವಿದ್ಯಾರ್ಥಿಯ ಫೋನಿನಲ್ಲಿ ಪುಟವನ್ನು ತೆರೆದು ನೋಡಬೇಕು.

ಈ ಕಡೆಯ ಹೆಜ್ಜೆಯನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಕಣ್ಣಾರೆ ಕಂಡ ನಿದರ್ಶನವಿದೆ. ಶ್ರೀನಿವಾಸಪುರದ ಕಡೆಯ ನನ್ನ ಗೆಳೆಯನೊಬ್ಬನು ವಿದ್ಯಾರ್ಥಿವೇತನದ ಸೂಚನೆಗಾಗಿ ಒಂದು ಪೋರ್ಟಲ್ಲನ್ನು ದಿನವೂ ಫೋನಿನಲ್ಲಿ ನೋಡುತ್ತಿದ್ದನು. ಗಣಕದ ಪರದೆಯ ಮೇಲೆ ಸೂಚನೆಯು ಬಲಗಡೆಯ ಅಂಕಣದಲ್ಲಿ ಎದ್ದು ಕಾಣುತ್ತಿತ್ತು. ಕಿರಿದಾದ ಪರದೆಯಲ್ಲಾದರೋ ಅಂಕಣಗಳು ಒಂದರ ಕೆಳಗೊಂದು ಇಳಿಯುತ್ತವೆ. ಸೂಚನೆಯು ಸಮಾರಂಭಗಳ ಚಿತ್ರಮಾಲೆಯ ಅಡಿಗೆ ಹೋಗಿ ಕುಳಿತಿತ್ತು. ಅವನು ಅಷ್ಟು ಕೆಳಕ್ಕೆ ಹೋಗಲಿಲ್ಲ. ಕಡೆಯ ದಿನ ಕಳೆದುಹೋಯಿತು. ಘಟಕದಲ್ಲಿ ದೋಷವಿರಲಿಲ್ಲ, ಸುದ್ದಿಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಸ್ಥಾನದಲ್ಲಿ.

ಅಂಧ ವಿದ್ಯಾರ್ಥಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶವು ಸಾಮಾನ್ಯವಾಗಿ ಘಟಕಗಳು ಬರೆಯಲ್ಪಟ್ಟ ಸರದಿಯನ್ನೇ ಹಿಡಿಯುತ್ತದೆ. ಬಣ್ಣವಾಗಲಿ ಅಗಲವಾಗಲಿ ಅವನ ನೆರವಿಗೆ ಬಾರದು. ಸರ್ಕಾರಿ ಜಾಲತಾಣಗಳಿಗಾಗಿ 2009ರಲ್ಲಿ ಹೊರಟು, 2023ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡ ರಾಷ್ಟ್ರೀಯ ಮಾರ್ಗಸೂಚಿಯು ಎಲ್ಲರಿಗೂ ಪುಟವು ಎಟುಕಬೇಕೆಂದು ಒತ್ತಿ ಹೇಳಿರುವುದು ಇಂಥ ಕಾರಣಗಳಿಂದಲೇ.

ಆದ್ದರಿಂದ ಮುಖ್ಯವಾದುದನ್ನು ಸರದಿಯಲ್ಲಿ ಮೊದಲು ಇಡುವುದೇ ಪುಟರಚನೆಯ ಮೊದಲ ಧರ್ಮ. ನಮ್ಮಲ್ಲಿ ಕೆಲವರು ನಾಳೆ ಇಂಥ ಪುಟಗಳನ್ನು ಸಜ್ಜುಗೊಳಿಸುವ ಕೆಲಸಕ್ಕೆ ಹೋಗಬಹುದು. ಆಗ ಬಸ್ಸಿನಲ್ಲಿ ನಿಂತುಕೊಂಡೇ ಸಣ್ಣ ಫೋನಿನಲ್ಲಿ ಓದುವ ಹಳ್ಳಿಯ ಹುಡುಗನನ್ನು ನೆನೆದರೆ ವಿನ್ಯಾಸವು ತಾನಾಗಿಯೇ ನೇರವಾದೀತು.